ನನ್ನ ಜೆರ್ಸಿ ಅಣ್ಣನಿಗೆ ಹೋದ ದಿನ

ನಾನು ಚಿಕ್ಕವಳಿದ್ದಾಗ ನನ್ನ ಹೆಲ್ಮೆಟ್ಟಿನ ಒಳಗೆ ಯಾವಾಗಲೂ ಕೊಬ್ಬರಿ ಎಣ್ಣೆಯ ವಾಸನೆ ಇರುತ್ತಿತ್ತು. ಶನಿವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆಯದೆ ಅಮ್ಮ ನನ್ನನ್ನು ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ನಾನು ಆ ಜಡೆಯನ್ನು ಸುತ್ತಿ ಹೆಲ್ಮೆಟ್ಟಿನೊಳಗೆ ತುರುಕಿಕೊಂಡು, ಹುಡುಗರ ಜೊತೆ ಐಸ್‌ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಆಡುತ್ತಿದ್ದೆ. ನಮ್ಮ ತಂಡದಲ್ಲಿ ನಾನೊಬ್ಬಳೇ ಹುಡುಗಿ.

ಆಗ ನಾವು ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಒಂದು ಹಳೆಯ ಬಾಡಿಗೆ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದೆವು. ಅಪ್ಪ ವಿಶ್ವವಿದ್ಯಾಲಯದಲ್ಲಿ ಮೀನುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಮೈಸೂರು ಬಿಟ್ಟು ಬಂದಾಗ ನನಗೆ ಏಳು ವರ್ಷ, ಅಣ್ಣನಿಗೆ ಎಂಟು. ಮಕ್ಕಳೇ, ಈಗ ಊರಾಚೆಯ ವುಡಿನ್‌ವಿಲ್‌ನಲ್ಲಿ ನಿಮ್ಮ ಬೀದಿಯಲ್ಲೇ ಐದು ಮನೆ ಕನ್ನಡದವರದ್ದಿದೆ. ಆಗ ಇಡೀ ಊರಿನಲ್ಲಿ ಕನ್ನಡ ಕೇಳಬೇಕೆಂದರೆ ನಮ್ಮ ಅಡುಗೆಮನೆಗೇ ಬರಬೇಕಿತ್ತು. ಅಮ್ಮ ಭಾನುವಾರಗಳಲ್ಲಿ ನಮ್ಮಿಬ್ಬರನ್ನೂ ಮೇಜಿನ ಮುಂದೆ ಕೂರಿಸಿ ಕಾಗುಣಿತ ಬರೆಸುತ್ತಿದ್ದಳು. ನಾನು ಇವತ್ತು ಇದನ್ನು ಬರೆಯಲು ಸಾಧ್ಯವಾಗಿರುವುದು ಆ ಭಾನುವಾರಗಳಿಂದ.

ಹಾಕಿಗೆ ಸೇರಿದ್ದು ಮೊದಲು ಅಣ್ಣ. ಅವನ ಶಾಲೆಯ ಹುಡುಗರೆಲ್ಲ ಆಡುತ್ತಾರೆಂದು ಅವನೂ ಹಟ ಹಿಡಿದ. ಅಪ್ಪ ಅವನನ್ನು ಊರಿನ ಉತ್ತರದಲ್ಲಿದ್ದ ರಿಂಕಿಗೆ ಕರೆದುಕೊಂಡು ಹೋಗುತ್ತಿದ್ದರು, ನನ್ನನ್ನು ಪಕ್ಕದ ಬೆಂಚಿನ ಮೇಲೆ ಕೂರಿಸುತ್ತಿದ್ದರು. ರಿಂಕ್ ಎಂದರೆ ತಗಡಿನ ಚಾವಣಿಯ ದೊಡ್ಡ ಗೋದಾಮಿನಂಥ ಕಟ್ಟಡ. ನೆಲವೆಲ್ಲ ಐಸು, ಅದರ ಮೇಲೆ ಅಡಿಗೆ ಉಕ್ಕಿನ ಅಲಗಿದ್ದ ಸ್ಕೇಟು ಬೂಟು ತೊಟ್ಟು ಜಾರುತ್ತಾ ಆಡಬೇಕು. ಒಳಗೆ ಹೋದರೆ ಮೂಗಿನ ತುದಿ ಮರಗಟ್ಟುತ್ತಿತ್ತು. ಒದ್ದೆ ಉಣ್ಣೆ, ರಬ್ಬರು, ಯಂತ್ರದ ಹೊಗೆ ಎಲ್ಲ ಸೇರಿದ ಒಂದು ವಾಸನೆ ಅಲ್ಲಿತ್ತು. ಒಂದು ದಿನ ಒಬ್ಬ ಹುಡುಗ ಬರಲಿಲ್ಲ. ಕೋಚ್ ನನ್ನ ಕಡೆ ನೋಡಿ, ನಿನಗೆ ಸ್ಕೇಟ್ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದು ಸುಳ್ಳು ಹೇಳಿದೆ. ಆ ದಿನ ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಆದರೆ ಮುಂದಿನ ವಾರ ಬೆಂಚಿನ ಮೇಲೆ ಕೂರಲು ನಾನು ಒಪ್ಪಲಿಲ್ಲ.

ಎರಡು ವರ್ಷದಲ್ಲಿ ನಾನು ಆ ತಂಡದ ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದೆ. ಜಂಬಕ್ಕೆ ಹೇಳುತ್ತಿಲ್ಲ. ಅಪ್ಪ ತಮ್ಮ ಪ್ರಯೋಗಾಲಯದ ಸ್ಟಾಪ್‌ವಾಚ್ ತಂದು, ರಿಂಕಿನ ಒಂದು ಸುತ್ತಿಗೆ ನನಗೆ ಎಷ್ಟು ಸೆಕೆಂಡು ಬೇಕೆಂದು ಅಳೆಯುತ್ತಿದ್ದರು. ಹಿಂದಿನ ವಾರಕ್ಕಿಂತ ಅರ್ಧ ಸೆಕೆಂಡು ಕಡಿಮೆಯಾದರೂ ಗಡಿಯಾರವನ್ನು ಎತ್ತಿ ತೋರಿಸಿ ನಗುತ್ತಿದ್ದರು. ಮನೆಯ ನೆಲಮಾಳಿಗೆಯಲ್ಲಿ ನಾನು ಟೆನಿಸ್ ಚೆಂಡನ್ನು ಆಟದ ಕೋಲಿನಿಂದ ಎಡಕ್ಕೆ ಬಲಕ್ಕೆ ತಳ್ಳುತ್ತಾ, ಎದುರು ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೋಲನ್ನು ನೋಡದೆ ಆಡುವುದನ್ನು ಕಲಿಯಲು ಕೋಚ್ ಹೇಳಿಕೊಟ್ಟ ಉಪಾಯ ಅದು. ಅವರು ಕೆನಡಾದವರು. ಹಿಂದೆ ಸಂಬಳಕ್ಕೆ ಆಡಿದವರು, ಮುಂದಿನ ಎರಡು ಹಲ್ಲು ಇರಲಿಲ್ಲ. ಒಮ್ಮೆ ಅವರು ಅಪ್ಪನಿಗೆ, "ಇಂಥ ಕಾಲು, ಇಂಥ ಕಣ್ಣು ನಾನು ಕೆಲವೇ ಮಕ್ಕಳಲ್ಲಿ ನೋಡಿದ್ದೇನೆ. ಅವರೆಲ್ಲ ದೊಡ್ಡ ಆಟದವರೆಗೆ ಹೋದರು" ಎಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ದೊಡ್ಡ ಆಟ ಎಂದರೆ ಟಿ.ವಿ.ಯಲ್ಲಿ ಬರುವ ಆಟ. ಅಲ್ಲಿ ಹೆಂಗಸರಿಗೆ ಜಾಗವೇ ಇಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಹೋಗುತ್ತೇನೆಂದೇ ನಂಬಿದ್ದೆ.

ನನಗೆ ಹನ್ನೆರಡು ತುಂಬಿದ ವರ್ಷ, ಮಾರ್ಚ್ ತಿಂಗಳಲ್ಲಿ ಆಯ್ಕೆ ಬಂತು. ಸುತ್ತಮುತ್ತಲಿನ ಎಲ್ಲ ತಂಡಗಳಿಂದ ಹದಿನೈದು ಮಕ್ಕಳನ್ನು ಆರಿಸಿ ವ್ಯಾಂಕೂವರ್‌ಗೆ ಕರೆದುಕೊಂಡು ಹೋಗುವರು, ಅಲ್ಲಿ ಕೆನಡಾದ ಕಿರಿಯರ ತಂಡಗಳವರು ಬಂದು ನೋಡುವರು, ಇಷ್ಟವಾದ ಹೆಸರುಗಳನ್ನು ಬರೆದುಕೊಳ್ಳುವರು. ದೊಡ್ಡ ಆಟದ ದಾರಿ ಶುರುವಾಗುವುದೇ ಅಲ್ಲಿಂದ ಎಂದು ಅಣ್ಣ ನನಗೆ ವಿವರಿಸಿದ. ಅರ್ಜಿಯಲ್ಲಿ ಕೋಚ್ ನನ್ನ ಪೂರ್ತಿ ಹೆಸರು ಬರೆಯಲಿಲ್ಲ. ಮೊದಲ ಅಕ್ಷರ ಹಾಕಿ, ಮುಂದೆ ಅಪ್ಪನ ಹೆಸರು ಬರೆದರು. ಯಾಕೆಂದು ಕೇಳಿದ್ದಕ್ಕೆ, ಜಾಗ ಸಾಲದು ಎಂದರು.

ಆ ಶನಿವಾರ ಜಿನುಗು ಮಳೆ. ಅಪ್ಪನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ಚೀಲಗಳು, ಕೋಲುಗಳು, ನಡುವೆ ಅಮ್ಮ ಕೊಟ್ಟ ಚಿತ್ರಾನ್ನದ ಸ್ಟೀಲ್ ಡಬ್ಬಿ. ಅಮ್ಮನಿಗೆ ಹಾಕಿ ಎಂದರೆ ಆಗುತ್ತಿರಲಿಲ್ಲ. ಹುಡುಗಿಯ ಹಲ್ಲು ಹೋದರೆ ಏನು ಗತಿ ಎಂದು ದಿನಾ ಗೊಣಗುತ್ತಿದ್ದಳು. ಆ ದಿನವೂ ಬಾಗಿಲಲ್ಲಿ ನಿಂತು, "ಬಾಯಿ ಮುಚ್ಕೊಂಡು ಆಡು, ಪುಟ್ಟಿ" ಎಂದಳು. ಅವಳ ಆಶೀರ್ವಾದ ಅಷ್ಟೇ.

ಹುಡುಗರು ಬಟ್ಟೆ ಬದಲಿಸುವ ಕೋಣೆಗೆ ನಾನು ಹೋಗುವಂತಿರಲಿಲ್ಲ. ನೆಲ ಒರೆಸುವ ಸಾಮಾನು ಇಡುವ ಕೋಣೆಯಲ್ಲಿ, ತಲೆಕೆಳಗಾಗಿ ಹಾಕಿದ ಬಕೆಟ್ಟಿನ ಮೇಲೆ ಕೂತು ಸ್ಕೇಟುಗಳನ್ನು ಕಟ್ಟಿಕೊಳ್ಳುತ್ತಿದ್ದೆ. ಸೋಪಿನ ಪುಡಿಯ ಘಾಟಿಗೆ ಸೀನು ಬರುತ್ತಿತ್ತು. ಅದೇನೂ ನನಗೆ ಕಷ್ಟವೆನಿಸಿರಲಿಲ್ಲ. ಆ ಕೋಣೆ ನನ್ನದೇ ಎಂಬಂತಿತ್ತು.

ಐಸಿನ ಮೇಲೆ ನಲವತ್ತು ಮಕ್ಕಳಿದ್ದೆವು. ಬೆನ್ನಿಗೆ ಬಟ್ಟೆಯ ನಂಬರು ಪಿನ್ನು ಹಾಕಿ ಸಿಕ್ಕಿಸಿದ್ದರು. ಮೇಲೆ ಮೆಟ್ಟಿಲುಗಳ ಮೇಲೆ ದಪ್ಪ ಕೋಟು ತೊಟ್ಟ ಮೂವರು ಕೂತು ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ಬೂದು ಟೋಪಿಯವರೇ ಮುಖ್ಯಸ್ಥರು. ಮೊದಲು ಓಟ. ಹೊಸದಾಗಿ ನೀರು ಹಾಕಿ ನುಣುಪು ಮಾಡಿದ ಐಸು ಗಾಜಿನಂತೆ ಹೊಳೆಯುತ್ತಿತ್ತು. ಸ್ಕೇಟಿನ ಅಲಗು ಅದನ್ನು ಕತ್ತರಿಸುವ ಸದ್ದು, ಹೊಸ ಬಟ್ಟೆಯನ್ನು ಉದ್ದಕ್ಕೆ ಹರಿದಂತೆ, ನನಗೆ ಇವತ್ತಿಗೂ ಕಿವಿಯಲ್ಲಿದೆ. ನಾನು ಎರಡನೆಯವಳಾಗಿ ಬಂದೆ. ಮೊದಲು ಬಂದವನು ನನಗಿಂತ ಒಂದು ಗೇಣು ಎತ್ತರವಿದ್ದ.

ಆಮೇಲೆ ಎರಡು ಗುಂಪು ಮಾಡಿ ಆಡಿಸಿದರು. ಅಣ್ಣ ಎದುರು ಗುಂಪಿಗೆ ಹೋದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ, ಹಾಕಿಯಲ್ಲಿ ಚೆಂಡಿನ ಬದಲು ಇರುವ ಕಪ್ಪು ರಬ್ಬರ್ ಬಿಲ್ಲೆ, ಪಕ್, ಅಣ್ಣನ ಕೋಲಿಗೆ ಸಿಕ್ಕಿತು. ಅವನು ಬಲಕ್ಕೆ ತಿರುಗುವ ಮುಂಚೆ ಎಡ ಭುಜ ತಗ್ಗಿಸುತ್ತಾನೆಂದು ನನಗೆ ಗೊತ್ತಿತ್ತು. ನಾವಿಬ್ಬರೂ ನೆಲಮಾಳಿಗೆಯಲ್ಲಿ ಒಟ್ಟಿಗೇ ಕಲಿತವರಲ್ಲವೇ. ಭುಜ ತಗ್ಗಿತು, ನಾನು ಅಲ್ಲಿ ಕಾದು ನಿಂತಿದ್ದೆ. ಪಕ್ ಕಸಿದುಕೊಂಡು ಓಡಿದೆ. ಅವನು ಬಿದ್ದ ಸದ್ದು ಹಿಂದಿನಿಂದ ಕೇಳಿಸಿತು, ತಿರುಗಿ ನೋಡಲಿಲ್ಲ. ಗೋಲು ಕಾಯುವವನ ಮಂಡಿಯ ಪಕ್ಕದಲ್ಲಿ ಅಂಗೈ ಅಗಲದ ಜಾಗ ಕಂಡಿತು. ಹೊಡೆದೆ. ಹಿಂದಿನ ಬಲೆ ಉಬ್ಬಿತು. ಮೆಟ್ಟಿಲ ಮೇಲೆ ಬೂದು ಟೋಪಿಯವರು ಮುಂದಕ್ಕೆ ಬಾಗಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದು ನನಗೆ ಕಂಡಿತು. ಆವತ್ತು ಒಟ್ಟು ಮೂರು ಗೋಲು ಹೊಡೆದೆ.

ಪಟ್ಟಿ ಹಾಕುವವರೆಗೆ ನಾನೂ ಅಣ್ಣನೂ ಕಟ್ಟಡದೊಳಗಿನ ಓಣಿಯ ತುದಿಯಲ್ಲಿ ನೆಲದ ಮೇಲೆ ಕೂತು ಡಬ್ಬಿ ತೆರೆದೆವು. ಕೋಚ್ ಹೇಳಿದ್ದರಿಂದ ನಾನು ಹೆಲ್ಮೆಟ್ ತೆಗೆದಿರಲಿಲ್ಲ. ಚಿತ್ರಾನ್ನ ತಣ್ಣಗಾಗಿ ಉದುರುದುರಾಗಿತ್ತು. ಕಡಲೆಬೀಜ ಅಣ್ಣನಿಗಿಷ್ಟ. ಅವನು ಬಿದ್ದಿದ್ದಕ್ಕೆ ಪರಿಹಾರವೆಂಬಂತೆ ನನ್ನ ಪಾಲಿನದನ್ನೂ ಆರಿಸಿ ಅವನ ಕಡೆ ತಳ್ಳಿದೆ.

"ನೀನು ಸೆಲೆಕ್ಟ್ ಆಗ್ತೀಯ ಕಣೇ" ಎಂದ ಅಣ್ಣ. "ನಾನು ಆಗಲ್ಲ."

"ಇಬ್ಬರೂ ಆಗ್ತೀವಿ" ಎಂದೆ.

ಅವನು ತಲೆ ಅಲ್ಲಾಡಿಸಿದ. ಆದರೆ ಅವನ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅದನ್ನು ನಾನು ಮರೆಯಬಾರದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಟಿಕೆಟ್ ಕೊಡುವ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದರು. ನನ್ನ ನಂಬರು ಮೇಲಿನಿಂದ ಮೂರನೆಯದು. ಅಣ್ಣನ ನಂಬರು ಹದಿನೈದರೊಳಗೆ ಇರಲಿಲ್ಲ. ಕೆಳಗೆ ಒಂದು ಗೆರೆ ಎಳೆದು, ಯಾರಾದರೂ ತಪ್ಪಿದರೆ ಬದಲಿಗೆ ಎಂದು ಎರಡು ನಂಬರು ಬರೆದಿದ್ದರು. ಅದರಲ್ಲಿ ಮೊದಲನೆಯದು ಅವನದು. ನಮ್ಮನ್ನು ಸಾಲಾಗಿ ನಿಲ್ಲಿಸಿ ಜೆರ್ಸಿ ಹಂಚಿದರು. ಕಡು ಹಸಿರು ಬಣ್ಣ, ತೋಳಿಗೆ ಬಿಳಿ ಪಟ್ಟಿ, ಒರಟು ಉಣ್ಣೆ. ಬೆವರಿದ ಮೈ ಮೇಲೇ ಅದನ್ನು ಎಳೆದು ಹಾಕಿಕೊಂಡೆ. ಕುತ್ತಿಗೆ ಚುಚ್ಚುತ್ತಿತ್ತು. ಅಪ್ಪ ದೂರದಿಂದ ನೋಡಿ ಎರಡು ಬೆರಳು ಎತ್ತಿ, ಆಮೇಲೆ ಮೂರು ಎತ್ತಿದರು. ಓಟದಲ್ಲಿ ಎರಡು, ಪಟ್ಟಿಯಲ್ಲಿ ಮೂರು ಎಂದು. ನಾನು ನಕ್ಕೆ. ಆ ದಿನದ ಕೊನೆಯ ನಗು ಅದು.

ಬೂದು ಟೋಪಿಯವರು ಒಂದು ಮೇಜು ಹಾಕಿಕೊಂಡು ಕೂತರು. ಗಡಿ ದಾಟಿ ಹೋಗುವುದರಿಂದ ಪ್ರತಿ ಮಗುವಿನ ಜನನದ ದಾಖಲೆ ತೋರಿಸಬೇಕೆಂದು ಕೂಗಿ ಹೇಳಿದರು. ಕೋಚ್ ಬೇಗಬೇಗ ಅಪ್ಪನ ಬಳಿ ಬಂದರು. ನಾನು ಅಪ್ಪನ ಪಕ್ಕದಲ್ಲೇ ಇದ್ದೆ. "ಮನೆಯಲ್ಲಿದೆ, ಸೋಮವಾರ ತರುತ್ತೇನೆ ಎಂದುಬಿಡಿ. ಅಷ್ಟರಲ್ಲಿ ನಾನು ಏನಾದರೂ ಮಾಡುತ್ತೇನೆ" ಎಂದು ಮೆಲ್ಲಗೆ ಹೇಳಿದರು. ಅಪ್ಪ ಕೋಟಿನ ಒಳಜೇಬನ್ನು ಹೊರಗಿನಿಂದ ಮುಟ್ಟಿ ನೋಡಿಕೊಂಡರು.

ಆ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು. ಆಗೆಲ್ಲ ಮಕ್ಕಳಿಗೆ ಬೇರೆ ಪಾಸ್‌ಪೋರ್ಟ್ ಮಾಡಿಸುತ್ತಿರಲಿಲ್ಲ. ಅಪ್ಪನ ಪಾಸ್‌ಪೋರ್ಟಿನಲ್ಲೇ ನಮ್ಮಿಬ್ಬರ ಹೆಸರು, ಹುಟ್ಟಿದ ದಿನ, ಮಗನೋ ಮಗಳೋ ಎಂಬುದು ಬರೆದಿತ್ತು. ನಮ್ಮ ಸರದಿ ಬಂತು. ಬೂದು ಟೋಪಿಯವರು ತಲೆ ಎತ್ತಿ, "ದಾಖಲೆ?" ಎಂದರು. ಒಂದು ಮಾತು ಸಾಕಿತ್ತು. ಮನೆಯಲ್ಲಿದೆ ಎಂಬ ಒಂದು ಮಾತು. ಅಪ್ಪ ಪಾಸ್‌ಪೋರ್ಟ್ ತೆಗೆದು, ಸರಿಯಾದ ಪುಟವನ್ನು ತಾವೇ ಬಿಡಿಸಿ, ಎರಡೂ ಕೈಯಿಂದ ಅವರ ಮುಂದೆ ಇಟ್ಟರು.

ಅವರು ಓದಿದರು. ಪುಟದಿಂದ ನನ್ನ ಮುಖಕ್ಕೆ, ಮುಖದಿಂದ ಪುಟಕ್ಕೆ ಎರಡು ಸಲ ನೋಡಿದರು. "ಹೆಲ್ಮೆಟ್ ತೆಗೆ" ಎಂದರು. ತೆಗೆದೆ. ಜಡೆ ಬೆನ್ನ ಮೇಲೆ ಬಿತ್ತು. ಹಿಂದೆ ಸಾಲಿನಲ್ಲಿದ್ದ ಯಾರೋ ಅಪ್ಪ ಅಮ್ಮಂದಿರು ನಕ್ಕರು. ಬೂದು ಟೋಪಿಯವರು ನಗಲಿಲ್ಲ. ಬೈಯಲೂ ಇಲ್ಲ. ಇದು ಹುಡುಗರ ತಂಡ, ನಿಯಮ ಹಾಗಿದೆ, ಕ್ಷಮಿಸಬೇಕು ಎಂದರು. ಆಮೇಲೆ ನಮ್ಮ ಕೋಚ್ ಕಡೆ ತಿರುಗಿ, ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು.

ಎರಡು ವರ್ಷ ನನ್ನ ಸ್ಕೇಟಿನ ದಾರ ಬಿಗಿದು ಕಟ್ಟಿಕೊಟ್ಟವರು ಅವರು. ನೆಲ ಒರೆಸುವ ಕೋಣೆಯ ಬೀಗದ ಕೈ ತೆಗೆದುಕೊಟ್ಟವರು. ಅವರು ತಮ್ಮ ಬೂಟುಗಳನ್ನು ನೋಡುತ್ತಾ, "ಇಲ್ಲ, ನನಗೆ ಗೊತ್ತಿರಲಿಲ್ಲ" ಎಂದರು.

"ಬದಲಿ ಯಾರು?" ಎಂದು ಬೂದು ಟೋಪಿಯವರು ಕಾಗದ ತಿರುವಿದರು. ಅಣ್ಣನ ನಂಬರು ಓದಿದರು. ಅದೇ ಪಾಸ್‌ಪೋರ್ಟು, ಅದೇ ಪುಟ, ಒಂದು ಸಾಲು ಮೇಲೆ. ಆಗ ನಾನು ಅಪ್ಪನ ಮುಖ ನೋಡಿದೆ. ಅಲ್ಲಿ ದುಃಖ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ಸಮಾಧಾನ. ಬಸ್ಸು ತಪ್ಪಿತು ಎಂದುಕೊಂಡವರಿಗೆ ಹಿಂದೆಯೇ ಇನ್ನೊಂದು ಬಂದರೆ ಆಗುವಂಥ ಸಮಾಧಾನ. ಅಪ್ಪ ಅವರಿಗೆ ಥ್ಯಾಂಕ್ಸ್ ಹೇಳಿದರು.

ಜೆರ್ಸಿಗಳು ಹದಿನೈದೇ ಇದ್ದವು. ನಾನು ತೊಟ್ಟಿದ್ದನ್ನು ತಲೆಯ ಮೇಲಿನಿಂದ ಎಳೆದು ತೆಗೆದೆ. ಎಣ್ಣೆ ಹಚ್ಚಿದ ಜಡೆ ಅದಕ್ಕೆ ಸಿಕ್ಕಿಕೊಂಡಿತು, ಅಪ್ಪನೇ ಬಿಡಿಸಿದರು. ಒಳಗೆ ನನ್ನ ಬೆವರಿನ ಬಿಸಿ ಇನ್ನೂ ಇತ್ತು. ಅಣ್ಣ ಅದನ್ನು ಹಿಡಿದುಕೊಂಡು ನಿಂತ. ಬೇಡ ಎನ್ನುತ್ತಾನೆ ಎಂದು ನಾನು ಕಾದೆ. ನಾನಾಗಿದ್ದರೆ ಬೇಡ ಎನ್ನುತ್ತಿದ್ದೆನೇ? ಹನ್ನೆರಡನೆಯ ವಯಸ್ಸಿನಲ್ಲಿ ಖಂಡಿತ ಎನ್ನುತ್ತಿದ್ದೆ ಎಂದುಕೊಂಡಿದ್ದೆ, ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಅಣ್ಣ ಅದನ್ನು ಹಾಕಿಕೊಂಡ. ಅವನಿಗೆ ಅದು ಸ್ವಲ್ಪ ಬಿಗಿಯಾಗುತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ಗಾಜು ಒರೆಸುವ ಕಡ್ಡಿಯ ಸದ್ದೊಂದೇ. ಸೇತುವೆ ದಾಟಿದ ಮೇಲೆ ಅಪ್ಪ, "ಸುಳ್ಳು ಹೇಳೋಕ್ಕಾಗಲ್ಲ, ಮರಿ. ಇಲ್ಲೇ ಇರೋಕೆ ನಮ್ಮ ಪೇಪರ್ಸ್ ಇನ್ನೂ ಸರ್ಕಾರದ ಆಫೀಸಲ್ಲಿದೆ. ಇಂಥಾ ಸಣ್ಣ ವಿಷಯಕ್ಕೆ ತೊಂದರೆ ಆಗಬಾರದು" ಎಂದರು.

ಸಣ್ಣ ವಿಷಯ. ಅಪ್ಪ ಹೆದರಿದ್ದರು, ಅದು ನನಗೆ ಈಗ ಅರ್ಥವಾಗುತ್ತದೆ. ಬೇರೆ ದೇಶದಲ್ಲಿ ಟೋಪಿ ಹಾಕಿಕೊಂಡು ಮೇಜಿನ ಹಿಂದೆ ಕೂತವರೆಲ್ಲ ಅವರಿಗೆ ಸರ್ಕಾರದಂತೆ ಕಂಡಿರಬೇಕು. ಅರ್ಥವಾಗುವುದಕ್ಕೂ ಕ್ಷಮಿಸುವುದಕ್ಕೂ ನಡುವೆ ಬಹಳ ದೂರವಿದೆ, ಮಕ್ಕಳೇ. ನಾನು ಅಷ್ಟು ದೂರ ಹೋಗಿಲ್ಲ.

ಮನೆಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಮ್ಮನಿಗೆ ಸಂತೋಷವಾಗುತ್ತದೆ, ಸದ್ಯ ಹುಡುಗಿಯ ಹಲ್ಲು ಉಳಿಯಿತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ಒಲೆ ಆರಿಸಿದಳು. "ಅಲ್ಲಾ ರೀ, ಅವಳು ಗೆದ್ದಿದ್ದನ್ನ ಅವಳ ಮೈ ಮೇಲಿಂದ ಬಿಚ್ಚಿ ಇವನಿಗೆ ಹಾಕಿಸ್ಕೊಂಡು ಬಂದ್ರಾ?" ಎಂದಳು. ಅಮ್ಮ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆದರೆ ಮುಂದಿನ ಶನಿವಾರ ಅಮ್ಮನೇ ಅಣ್ಣನ ಡಬ್ಬಿ ಕಟ್ಟಿದಳು. ಅವನು ವ್ಯಾಂಕೂವರ್‌ಗೆ ಹೊರಟ ದಿನ ಅವನ ಹಣೆಗೆ ಕುಂಕುಮವಿಟ್ಟಳು. ಸ್ಟಾಪ್‌ವಾಚ್ ಅಣ್ಣನ ಸುತ್ತುಗಳನ್ನು ಅಳೆಯತೊಡಗಿತು. ನಾನು ಒಂದೇ ಒಂದು ಸಲ ರಿಂಕಿಗೆ ಹೋದೆ. ಕೋಚ್ ನನ್ನನ್ನು ಕಂಡು ಐಸಿನ ಆ ತುದಿಗೆ ಹೋಗಿಬಿಟ್ಟರು. ಮತ್ತೆ ಹೋಗಲಿಲ್ಲ.

ಅಣ್ಣನ ಹೆಸರನ್ನು ವ್ಯಾಂಕೂವರ್‌ನಲ್ಲಿ ಯಾರೋ ಬರೆದುಕೊಂಡರು. ಹದಿನಾರಕ್ಕೆ ಅವನನ್ನು ಕೆನಡಾದ ಒಂದು ಸಣ್ಣ ಊರಿನ ತಂಡಕ್ಕೆ ಕರೆಸಿಕೊಂಡರು. ಯಾರದೋ ಮನೆಯಲ್ಲಿ ಇದ್ದುಕೊಂಡು, ಅವರು ಹಾಕಿದ್ದನ್ನು ತಿಂದುಕೊಂಡು ಮೂರು ಚಳಿಗಾಲ ಆಡಿದ. ಹತ್ತೊಂಬತ್ತಕ್ಕೆ ಭುಜ ಕಿತ್ತುಬಂತು. ಎರಡು ಸಾಲಿನ ಕಾಗದ ಕೊಟ್ಟು ಮನೆಗೆ ಕಳಿಸಿದರು. ಅವನಿಗೂ ಸುಖವಾಗಲಿಲ್ಲ. ಆದರೂ ದೀಪಾವಳಿಗೆ ಎಲ್ಲರೂ ಸೇರಿದಾಗ, ತಾನು ಹೇಗೆ ನಲವತ್ತು ಮಕ್ಕಳಲ್ಲಿ ಆಯ್ಕೆಯಾದೆ ಎಂದು ನಿಮಗೆಲ್ಲ ಹೇಳುತ್ತಾನೆ. ನೀವು ಬಾಯಿ ಬಿಟ್ಟುಕೊಂಡು ಕೇಳುತ್ತೀರಿ. ಆ ಕತೆಯಲ್ಲಿ ನಾನು ಇಲ್ಲ. ನಾನು ಹೋಳಿಗೆ ಬಡಿಸುತ್ತಿರುತ್ತೇನೆ.

ಅಪ್ಪ ಹೋಗುವ ಹಿಂದಿನ ವರ್ಷ ಒಮ್ಮೆ ಕೇಳಿಬಿಟ್ಟೆ. ಅಪ್ಪ, ಆವತ್ತು ಮನೆಯಲ್ಲಿದೆ ಎಂದು ಯಾಕೆ ಹೇಳಲಿಲ್ಲ ಎಂದು. ಅವರ ನೆನಪು ಚೆನ್ನಾಗಿಯೇ ಇತ್ತು. ಅಣ್ಣನ ಯಾವ ಆಟದಲ್ಲಿ ಎಷ್ಟು ಗೋಲು ಎಂಬುದನ್ನೂ ಹೇಳುತ್ತಿದ್ದರು. "ಯಾವತ್ತು, ಮರಿ?" ಎಂದರು. ನಾನು ವಿವರಿಸಿದೆ. ಅವರು, "ನೀನೂ ಸ್ವಲ್ಪ ದಿನ ಆಡ್ತಿದ್ದೆ, ಅಲ್ವಾ?" ಎಂದರು.

ನೀವು ಹುಟ್ಟಿದ ಕಾಲ ಬೇರೆ. ನನ್ನ ಮೊಮ್ಮಗಳಿಗೆ ಈಗ ಹನ್ನೆರಡು. ಬೆಳಿಗ್ಗೆ ಐದೂವರೆಗೆ ಅವಳ ಅಮ್ಮ, ನನ್ನ ಮಗಳು, ಬಿಸಿ ಸೀಟಿನ ಕಾರಿನಲ್ಲಿ ಅವಳನ್ನು ರಿಂಕಿಗೆ ಬಿಡುತ್ತಾಳೆ. ಅಲ್ಲಿ ಹುಡುಗಿಯರಿಗೆ ಬೇರೆ ಕೋಣೆ, ಬಿಸಿನೀರು, ಕನ್ನಡಿ. ಅವಳ ಕೋಚ್ ಹೆಂಗಸು, ಹಿಂದೆ ಸಂಬಳಕ್ಕೆ ಆಡಿದವಳು. ಊರಿಗೆ ಈಗ ಹೆಂಗಸರ ವೃತ್ತಿಪರ ತಂಡವೇ ಬಂದಿದೆ. ಅವರ ಆಟಕ್ಕೆ ನನ್ನನ್ನೂ ಕರೆದುಕೊಂಡು ಹೋದಿರಿ. ಸಾವಿರಾರು ಜನ ಎದ್ದು ನಿಂತು ಕೂಗುತ್ತಿದ್ದರು. ಅಜ್ಜಿಗೆ ಆನಂದಬಾಷ್ಪ ಎಂದು ಫೋಟೊ ತೆಗೆದಿರಿ. ಅದು ಆನಂದವಾಗಿರಲಿಲ್ಲ.

ಹೋದ ತಿಂಗಳು ಅವಳೂ ಒಂದು ಆಯ್ಕೆಗೆ ಹೋದಳು. ಮೇಲಿನ ಹಂತದ ಹುಡುಗಿಯರ ತಂಡ. ಪಟ್ಟಿ ಫೋನಿಗೆ ಬಂತು. ಅವಳ ಹೆಸರಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನನ್ನ ಮಗಳು ಆ ತಂಡದ ಕೋಚಿಗೆ ಕಾಲ್ ಮಾಡಿ ಕಾರಣ ಕೇಳಿದಳು. ತಿರುಗುವಾಗ ನಿಧಾನ, ಬೇರೆ ಮೂವರು ಅವಳಿಗಿಂತ ಚೆನ್ನಾಗಿ ಆಡಿದರು ಎಂದರಂತೆ. ಕಾರಣ ಅಷ್ಟೇ. ಚೆನ್ನಾಗಿ ಆಡಿದವರು ಮೂವರಿದ್ದರು.

ಸಂಜೆ ನಾನು ಅವಳಿಗೆ ಹಾಲು ತೆಗೆದುಕೊಂಡು ಹೋದೆ. ಹಾಸಿಗೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೆನ್ನು ಸವರಬೇಕೆಂದು ಹೋದವಳು ನಾನು. ಆದರೆ ಅಲ್ಲಿ ನಿಂತಾಗ ನನಗೆ ಬಂದದ್ದು ಕನಿಕರವಲ್ಲ. ಹನ್ನೆರಡು ವರ್ಷದ ಮೊಮ್ಮಗಳ ಮೇಲೆ, ಅವಳು ಆಟದಲ್ಲೇ ಸೋತದ್ದಕ್ಕೆ, ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ನಿಮ್ಮಿಂದ ಮುಚ್ಚಿಡಲಾರೆ.

ಅವತ್ತು ಮೊದಲ ಸಲ ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಎದ್ದು ಕೂತು ಕೇಳಿದಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿದಳು. ನೀನು ನಿಜವಾಗಿಯೂ ಅಷ್ಟು ಚೆನ್ನಾಗಿ ಆಡುತ್ತಿದ್ದೆಯಾ, ಅಜ್ಜಿ? ದೊಡ್ಡ ಆಟದವರೆಗೆ ಹೋಗುತ್ತಿದ್ದೆಯಾ?

"ಗೊತ್ತಿಲ್ಲ, ಪುಟ್ಟಿ" ಎಂದೆ. "ಅದನ್ನ ತಿಳ್ಕೊಳ್ಳೋಕೆ ನನ್ನನ್ನ ಯಾರೂ ಬಿಡಲಿಲ್ಲ."